ಗೊಬ್ಬರದ ಗಾಬರಿ

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳವೆಂದು ನಮ್ಮ ಹಿರಿಯರು ಹೇಳುತ್ತ ಬಂದರು. ಈಚಿನ ವರುಷಗಳಲ್ಲಿ ರೋಹಿಣಿಯ ನಾಲ್ಕು ಹನಿ ಬಿದ್ದುವೋ ಇಲ್ಲವೋ, ಓಣಿಯಲ್ಲಿ ಮೊದಲು ಕಾಣಿಸಿಕೊಳ್ಳುವದು ಗೊಬ್ಬರದ ಅಂಗಡಿಯ ಮುಂದಿನ ಸಾಲು. ನಸುಕಿನಲ್ಲಿ ಬಂದವನು ನಿಂತು ನಿಂತು ಸೋತು ತನ್ನ ಚಪ್ಪಲಿಯನ್ನು ಸಾಲಿನಲ್ಲಿಟ್ಟು ಕಟ್ಟೆಯ ಮೇಲೆ ಕೂಡ್ರುವನು; ಅವನ ಹಿಂದಿನವನು ಆಧಾರ ಚೀಟಿಯ ಮೇಲೆ ಒಂದು ಕಲ್ಲನ್ನು ಹೇರಿ ತನ್ನ ಸರದಿಯನ್ನು ಕಾಯ್ದುಕೊಳ್ಳುವನು; ಮನೆಯಲ್ಲಿ ಬೇರೆ ಗಂಡಾಳಿಲ್ಲದ ಹೆಣ್ಣುಮಗಳು ಕೂಸನ್ನು ಕಂಕುಳಲ್ಲಿಟ್ಟುಕೊಂಡೇ ಬಂದು ನಿಲ್ಲುವಳು. ಹೊತ್ತು ಏರಿದ ಮೇಲೆ ಅಂಗಡಿಯ ಬಾಗಿಲು ತೆರೆದು, ಮಾಲು ಬಂದಿಲ್ಲವೆಂಬ ಮಾತು ಹೊರಬಿದ್ದಾಗ ಆ ಸಾಲಿನಲ್ಲಿ ಏಳುವ ಗದ್ದಲವನ್ನು ಕಣ್ಣಾರೆ ಕಂಡವರಿಗೆ, ಇದು ವ್ಯಾಪಾರದ ಸಂಗತಿಯಷ್ಟೇ ಅಲ್ಲವೆಂಬದನ್ನು ಬೇರೆ ಹೇಳಬೇಕಾದುದಿಲ್ಲ.

ಇಂಥ ಸಾಲುಗಳ ಬಗ್ಗೆ ಅಧಿಕಾರಿವರ್ಗದ ಉತ್ತರವು ಬಹುಕಾಲದಿಂದ ಒಂದೇ ಆಗಿದೆ. "ಗೊಬ್ಬರಕ್ಕೆ ಕೊರತೆಯಿಲ್ಲ, ಒಕ್ಕಲಿಗರು ಗಾಬರಿಯಿಂದ ಬೇಕಾದುದಕ್ಕಿಂತ ಹೆಚ್ಚು ಕೊಳ್ಳುತ್ತಿರುವದರಿಂದ ಕೊರತೆಯಾದಂತೆ ತೋರುತ್ತದೆ" ಎಂದು ಅವರು ಹೇಳುವರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ನಾವು ಮರೆಮಾಚಲಿಚ್ಛಿಸುವದಿಲ್ಲ. ಆದರೆ ಉಳಿದರ್ಧವನ್ನು ಹೇಳದೆ ಬಿಟ್ಟರೆ ಅದು ಒಕ್ಕಲಿಗನ ಮೇಲೆ ಹೊರಿಸಿದ ಸುಳ್ಳು ಆಪಾದನೆಯಾಗಿ ಪರಿಣಮಿಸುವದು.

ಮೊದಲು ಗಾಬರಿಯ ಲೆಕ್ಕವನ್ನೇ ನೋಡೋಣ. ಗುತ್ತಲದಂಥ ಒಂದು ಊರನ್ನೂ ಅದರ ಸುತ್ತಣ ಹಳ್ಳಿಗಳನ್ನೂ ಕೂಡಿಸಿ 1,000 ಒಕ್ಕಲು ಮನೆಗಳಿವೆಯೆಂದಿಟ್ಟುಕೊಳ್ಳೋಣ. ಮನೆಗೆ ಬಿತ್ತುವಾಗ ಎರಡು ಚೀಲ, ಎಡೆ ಹೊಡೆದ ಮೇಲೆ ಎರಡು ಚೀಲ, ಹೀಗೆ ಆರು ವಾರಗಳಲ್ಲಿ ಒಟ್ಟು 4,000 ಚೀಲಗಳು ಬೇಕು. ಬರುವದು 3,600 ಚೀಲಗಳು ಮಾತ್ರ, ವಾರಕ್ಕೆ 600ರಂತೆ. ಅಂದರೆ ಹತ್ತರಲ್ಲಿ ಒಂದು ಪಾಲಿನ ಕೊರತೆ. ನಾಲ್ಕು ಚೀಲ ಹಾಕುವವನು ಮೂರೂವರೆ ಚಿಲ್ಲರೆಯಲ್ಲಿ ಸಂಭಾಳಿಸಿಕೊಂಡರೆ ಯಾವ ಮನೆಯ ಪೀಕೂ ಕೆಡಲಾರದು. ಆದರೆ ಈ ಸಲ ಗೊಬ್ಬರ ಸಿಕ್ಕುವದಿಲ್ಲವೆಂಬ ಮಾತು ಹಬ್ಬಿ, ಪ್ರತಿಯೊಬ್ಬನೂ ಮೊದಲನೆಯ ವಾರದಲ್ಲಿಯೇ ಆರು ಚೀಲಗಳನ್ನು ಒಯ್ಯಬೇಕೆಂದು ಹೊರಟನೆನ್ನಿರಿ. ಬಂದ 600 ಚೀಲಗಳು 100 ಮನೆಗಳಿಗೆ ಮುಗಿದುಹೋದುವು. 900 ಮನೆಯವರು ಬರಿಗೈಯಿಂದ ತಿರುಗಿದರು. ಕೊರತೆ ಹತ್ತರಲ್ಲಿ ಒಂದು ಪಾಲು. ಬರಿಗೈಯವರು ಹತ್ತರಲ್ಲಿ ಒಂಬತ್ತು. ಇನ್ನೂ ಸೋಜಿಗದ ಸಂಗತಿಯೆಂದರೆ, ಪೂರಾ 4,000 ಚೀಲಗಳೇ ಬರುವವೆಂದಿಟ್ಟುಕೊಂಡರೂ ಆ ಮೊದಲ ವಾರದ ಸಾಲಿನಲ್ಲಿ ಗೆದ್ದು ಬರುವವರು 111 ಮನೆಯವರೇ. ಮರುವಾರ ಆ ಬರಿಗೈಯವರ ಕಥೆಯು ನೆರೆಯ ಹಳ್ಳಿಗಳಿಗೆ ಮುಟ್ಟುವದು. ಅಲ್ಲಿಯೂ ಸಾಲು ಬೆಳೆಯುವದು.

ಇದು ನಮ್ಮ ಸೀಮೆಯ ಒಕ್ಕಲಿಗನಿಗೆ ಮಾತ್ರ ಅಂಟಿದ ದೋಷವೆಂದು ಪಟ್ಟಣದ ಸುಶಿಕ್ಷಿತರು ತಿಳಿದುಕೊಳ್ಳಬಾರದು. ಮೂರು ಕಡೆ ಸಮುದ್ರವಿರುವ ಈ ದೇಶದಲ್ಲಿ, ಜಗತ್ತಿನಲ್ಲಿ ಮೂರನೆಯ ಸ್ಥಾನದಲ್ಲಿ ನಿಂತು ಉಪ್ಪನ್ನು ತೆಗೆಯುವ ಈ ದೇಶದಲ್ಲಿ, 2016ರ ನವೆಂಬರ ತಿಂಗಳಲ್ಲಿ ಉಪ್ಪು ಮುಗಿಯಿತೆಂಬ ಗಾಳಿಮಾತೊಂದು ಹುಟ್ಟಿ, ದಿಲ್ಲಿ ಮತ್ತು ಉತ್ತರಪ್ರದೇಶದ ಪಟ್ಟಣಗಳಲ್ಲಿ ಜನರು ರಾತ್ರೋರಾತ್ರಿ ಅಂಗಡಿಗಳಿಗೆ ಮುಗಿಬಿದ್ದರು. ಕೆಲವೆಡೆ ಕಿಲೋ ಉಪ್ಪು 200 ರೂಪಾಯಿಗೂ ಮಿಕ್ಕಿ ಮಾರಿತು. ಗಾಂಧೀಜಿಯವರು ಒಂದು ಹಿಡಿ ಉಪ್ಪನ್ನೆತ್ತಿ ಸಾಮ್ರಾಜ್ಯವನ್ನೇ ನಡುಗಿಸಿದ ನಾಡಿನಲ್ಲಿ ಉಪ್ಪಿಗಾಗಿ ಬಡಿದಾಟ! ಕಡಲು ಬತ್ತಿರಲಿಲ್ಲ, ಗೋದಾಮುಗಳು ಬರಿದಾಗಿರಲಿಲ್ಲ. ಸರಕಾರದವರು ಕೊರತೆಯಿಲ್ಲವೆಂದು ಸಾರಿದರು. ಅದು ನಿಜವೂ ಆಗಿದ್ದಿತು. ಆದರೂ ನಂಬುವವರು ಬೇಕಲ್ಲ!

ಸಂಪದ್ಭರಿತವಾದ ಅಮೆರಿಕದ ಗತಿಯೂ ಇದೇ. ಅಲ್ಲಿ ಜನಸಾಮಾನ್ಯರು ಬಂದೂಕು ಇಟ್ಟುಕೊಳ್ಳುವದು ವಾಡಿಕೆ. 2012ರ ಡಿಸೆಂಬರದಲ್ಲಿ ಕನೆಕ್ಟಿಕಟ್ ಪ್ರಾಂತದ ಶಾಲೆಯೊಂದರಲ್ಲಿ ಎಳೆಯ ಮಕ್ಕಳ ಕೊಲೆಯಾಗಿ, ಇನ್ನು ಬಂದೂಕುಗಳಿಗೆ ನಿರ್ಬಂಧ ಬಂದೀತೆಂಬ ಸಂಶಯವು ಹುಟ್ಟಿದೊಡನೆ ಜನರು ಕಾಡತೂಸುಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ಮನೆ ತುಂಬಿಸಿಕೊಂಡರು. ಬಲು ಅಗ್ಗವಾದ, ಮೊಲ ಅಳಿಲುಗಳ ಬೇಟೆಗೆ ಉಪಯೋಗಿಸುವ ಸಣ್ಣ ಕಾಡತೂಸು ಎಲ್ಲಕ್ಕಿಂತ ಮೊದಲು ಮಾಯವಾಯಿತು. ಕಾರಖಾನೆಗಳು ಹಗಲಿರುಳು ನಡೆದರೂ ಅಂಗಡಿಯ ಕಪಾಟುಗಳು ಬರಿದಾಗಿಯೇ ಉಳಿದುವು; ತಂದದ್ದನ್ನು ಇಮ್ಮಡಿ ಮುಮ್ಮಡಿ ಬೆಲೆಗೆ ಮರುಮಾರಾಟ ಮಾಡುವ ಒಂದು ಹೊಸ ವರ್ಗವೇ ಹುಟ್ಟಿಕೊಂಡಿತು. 2020ರಲ್ಲಿ ಮಹಾಮಾರಿಯ ಕಾಲಕ್ಕೆ ಪುನಃ ಅದೇ ನಾಟಕ. ಉಪ್ಪು, ಕಾಡತೂಸು, ಯೂರಿಯಾ ಎಂಬ ಈ ಮೂರು ಸರಕುಗಳಲ್ಲಿ ಒಂದು ಸಾಮ್ಯವಿದೆ: ಮೂರೂ ಅಗ್ಗ, ಮೂರೂ ಕೆಡದೆ ಉಳಿಯತಕ್ಕವು. ಅಗ್ಗವಾಗಿದ್ದು ಕೆಡದೆ ಉಳಿಯುವ ಸರಕೇ ಗಾಬರಿಯ ಮೊದಲನೆಯ ತುತ್ತು. ಟೊಮಾಟೆ ಹಣ್ಣನ್ನು ಯಾರೂ ಆರು ತಿಂಗಳಿಗೆ ಕೂಡಿಹಾಕುವದಿಲ್ಲ.

ಇಷ್ಟು ಅಧಿಕಾರಿಗಳ ಪಾಲಿನ ಸತ್ಯ. ಇನ್ನು ಒಕ್ಕಲಿಗನ ಪಾಲಿನದು.

ಅಮೆರಿಕದ ಬೇಟೆಗಾರನು ಈ ತಿಂಗಳು ಕಾಡತೂಸು ಸಿಕ್ಕದಿದ್ದರೆ ಮುಂದಿನ ತಿಂಗಳು ಮೊಲವನ್ನು ಹೊಡೆದಾನು. ಗುತ್ತಲದ ಒಕ್ಕಲಿಗನಿಗೆ ಮುಂದಿನ ತಿಂಗಳಿಲ್ಲ. ವರದೆ ತುಂಗಭದ್ರೆಯರ ನಡುವಿನ ಈ ನೆಲದಲ್ಲಿ, ಹೊಳೆಗಳೆರಡು ಹತ್ತಿರವೇ ಹರಿಯುತ್ತಿದ್ದರೂ, ಬಹುಪಾಲು ಹೊಲಗಳು ಮಳೆಯ ಮುಖವನ್ನೇ ನೋಡುವಂಥವು. ಹದವಾದ ಮಳೆ ಬಿದ್ದ ನಾಲ್ಕೈದು ದಿನಗಳಲ್ಲಿ ಕೂರಿಗೆ ಹೂಡಬೇಕು, ಬೀಜದೊಡನೆ ಡಿ.ಎ.ಪಿ. ಬೀಳಬೇಕು. ಮುಂದೆ ಗೋವಿನಜೋಳವು ಮೊಣಕಾಲೆತ್ತರಕ್ಕೆ ಬಂದಾಗ, ನೆಲದಲ್ಲಿ ಹಸಿ ಇರುವಾಗಲೇ, ಯೂರಿಯಾ ಹಾಕಬೇಕು. ಆ ಹಸಿಯು ಆರಿದರೆ ಹಾಕಿದ ಗೊಬ್ಬರವು ಗಾಳಿಯ ಪಾಲು; ಹಾಕದಿದ್ದರೆ ಎಲೆ ಹಳದಿಗಿಟ್ಟು ತೆನೆ ಕಿರಿದಾಗುವದು. ಬೀಜಕ್ಕೆ ಸಾಲ, ಬಾಡಿಗೆಯ ಟ್ರಾಕ್ಟರಿಗೆ ಸಾಲ, ಹಿಂದಿನ ವರುಷದ ಸಾಲದ ಬಡ್ಡಿ, ಇಷ್ಟನ್ನೂ ತಲೆಯ ಮೇಲೆ ಹೊತ್ತವನಿಗೆ ಆ ನಾಲ್ಕು ದಿನಗಳನ್ನು ಕಳೆದುಕೊಳ್ಳುವದೆಂದರೆ ಒಂದು ವರುಷವನ್ನೇ ಕಳೆದುಕೊಂಡಂತೆ. ಇಂಥವನು ಎರಡು ಚೀಲ ಮುಂಗಡವಾಗಿ ತಂದು ಪಡಸಾಲೆಯಲ್ಲಿ ಒಟ್ಟಿದನೆಂದರೆ ಅದನ್ನು ಸಾಠೇಬಾಜಿಯೆಂದು ಕರೆಯಲು ನಮ್ಮ ನಾಲಗೆ ಏಳುವದಿಲ್ಲ. ತಿಂಗಳ ಮೊದಲ ತಾರೀಖಿಗೆ ಪಗಾರ ತಂದು ವರುಷದ ಅಕ್ಕಿಯನ್ನು ಸುಗ್ಗಿಯಲ್ಲಿಯೇ ತುಂಬಿಸಿಟ್ಟುಕೊಳ್ಳುವ ನಮ್ಮ ನಿಮ್ಮಂಥ ಪಟ್ಟಣಿಗರು ಅವನನ್ನು ದೂರುವದಕ್ಕೆ ಮುಂಚೆ ತುಸು ಆಲೋಚಿಸಬೇಕು.

ಅವನ ಅಂಜಿಕೆಗೆ ಇನ್ನೊಂದು ಕಾರಣವುಂಟು. ಅದು ನೆನಪು.

2008ನೆಯ ಇಸವಿ ಜೂನ್ 10. ಮೃಗಶಿರೆಯ ಮೊದಲ ದಿನಗಳು. ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಕೂಡಿದ ಒಕ್ಕಲಿಗರ ಮೇಲೆ ಪೋಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ತೆತ್ತರು. ರೈತರ ಹೆಸರಿನಲ್ಲಿ ಪ್ರಮಾಣವಚನವನ್ನು ಸ್ವೀಕರಿಸಿ ಶ್ರೀ ಯಡಿಯೂರಪ್ಪನವರು ಮುಖ್ಯಮಂತ್ರಿಗಳಾಗಿ ಆಗ ಇನ್ನೂ ಎರಡು ವಾರಗಳೂ ತುಂಬಿರಲಿಲ್ಲ. ಗುಂಪು ರೊಚ್ಚಿಗೆದ್ದಿತ್ತು, ಕಲ್ಲು ತೂರಿತು, ಪರಿಸ್ಥಿತಿಯು ಕೈಮೀರಿತು ಎಂದು ಸಮಾಧಾನಗಳು ಬಂದುವು. ಇರಬಹುದು. ಆದರೆ ಡಿ.ಎ.ಪಿ.ಗೆ ಅಭಾವವಿದ್ದ ಆ ದಿನ ಪೋಲೀಸರ ಬಳಿ ಗುಂಡಿಗೆ ಅಭಾವವಿರಲಿಲ್ಲವೆಂಬ ಮಾತನ್ನು ನಮ್ಮ ಜಿಲ್ಲೆಯ ಜನರು ಮರೆತಿಲ್ಲ. ಮರೆಯಬೇಕೆಂದು ಕೇಳುವ ಅಧಿಕಾರವೂ ಯಾರಿಗೂ ಇಲ್ಲ.

ಆ ವರುಷದ ಕೊರತೆಯು ಬರಿಯ ಗಾಳಿಮಾತಾಗಿರಲಿಲ್ಲ. 2007ರಲ್ಲಿ ಜಾಗತಿಕ ಪೇಟೆಯಲ್ಲಿ ಟನ್ನಿಗೆ ಸರಾಸರಿ 430 ಡಾಲರುಗಳ ಸುಮಾರಿಗಿದ್ದ ಡಿ.ಎ.ಪಿ.ಯು 2008ರ ಬೇಸಗೆಯಲ್ಲಿ 1,200 ಡಾಲರುಗಳಿಗೆ ಏರಿತು. ಚೀನ ದೇಶವು ತನ್ನ ಒಕ್ಕಲಿಗರಿಗೆ ಕಡಿಮೆಯಾದೀತೆಂದು ಅದೇ ಎಪ್ರಿಲದಲ್ಲಿ ಗೊಬ್ಬರದ ರಫ್ತಿನ ಮೇಲೆ ಭಾರಿ ಸುಂಕವನ್ನು ಹೇರಿತು. ಒಂದು ದೇಶಕ್ಕೆ ದೇಶವೇ ಗಾಬರಿಗೊಂಡು ತನ್ನ ಕಣಜದ ಬಾಗಿಲನ್ನು ಮುಚ್ಚಿಕೊಂಡರೆ ಅದಕ್ಕೆ ರಾಜನೀತಿಯೆಂದು ಹೆಸರು. ಗುತ್ತಲದ ಒಕ್ಕಲಿಗನು ಎರಡು ಚೀಲ ಹೆಚ್ಚು ಒಯ್ದರೆ ಅವನು ತಪ್ಪಿತಸ್ಥ! ಇತ್ತ ನಮ್ಮಲ್ಲಿ ಡಿ.ಎ.ಪಿ.ಯ ಮಾರಾಟದ ಬೆಲೆಯು ಟನ್ನಿಗೆ 9,350 ರೂಪಾಯಿಗಳೆಂದು ಗೊತ್ತಾಗಿದ್ದಿತು. ಅಂದರೆ 50 ಕಿಲೋ ಚೀಲಕ್ಕೆ ತೆರಿಗೆ ಬಿಟ್ಟು 467 ರೂಪಾಯಿ 50 ಪೈಸೆ. ಹೊರಗಿನ ಬೆಲೆಯನ್ನು ನಮ್ಮ ನಾಣ್ಯಕ್ಕೆ ತಿರುಗಿಸಿದರೆ ಅದೇ ಚೀಲವು 2,500 ರೂಪಾಯಿಗಳನ್ನು ದಾಟುತ್ತಿತ್ತು. ನಡುವಣ ಅಂತರವನ್ನು ಭಾರತ ಸರಕಾರವು ತುಂಬಿಕೊಡತಕ್ಕದ್ದು. ತುಂಬಿಕೊಡುವ ಹಣವು ತಡವಾದರೆ ಆಮದು ತಡವಾಗುವದು. ಆಮದು ತಡವಾದರೆ ಹಡಗು ತಡ. ಹಡಗು ತಡವಾದರೆ ರೈಲು ತಡ. ರೈಲಿನ ಸಂಬಂಧವಿಲ್ಲದ ಗುತ್ತಲಕ್ಕೆ ಹಾವೇರಿಯಿಂದ ಲಾರಿಯಲ್ಲಿ ಬರುವಷ್ಟರಲ್ಲಿ ಮೃಗಶಿರೆಯೇ ಮುಗಿದುಹೋದೀತು. ಈ ಸರಪಣಿಯ ಒಂದು ಕೊಂಡಿಯೂ ಒಕ್ಕಲಿಗನ ಕೈಯಲ್ಲಿಲ್ಲ. ಹಿಂದಿನ ವರುಷದ ನವೆಂಬರದಿಂದ ಆ ವರುಷದ ಮೇ ವರೆಗಿನ ಬಹುಕಾಲ ರಾಜ್ಯದಲ್ಲಿ ರಾಷ್ಟ್ರಪತಿಯವರ ಆಡಳಿತವಿದ್ದು, ಚುನಾವಣೆಯ ಗದ್ದಲವು ಮುಂಗಾರಿನ ಸಿದ್ಧತೆಯ ಕಾಲದಲ್ಲಿಯೇ ಬಂದಿತೆಂಬದನ್ನೂ ಇಲ್ಲಿ ನೆನೆಯಬೇಕು.

ಗೋಲಿಬಾರಿನ ತರುವಾಯ ನಡೆದ ವಾದವಿವಾದವು ಇನ್ನೂ ವಿಷಾದಕರವಾದದ್ದು. ದಿಲ್ಲಿಯು ಸಾಕಷ್ಟು ಕಳಿಸಲಿಲ್ಲವೆಂದು ಬೆಂಗಳೂರು, ಕಳಿಸಿದ್ದನ್ನು ಹಂಚಲು ನಿಮಗೆ ಬರಲಿಲ್ಲವೆಂದು ದಿಲ್ಲಿ. ಆಗ ಬೆಂಗಳೂರಿನಲ್ಲಿ ಭಾರತೀಯ ಜನತಾ ಪಕ್ಷ, ದಿಲ್ಲಿಯಲ್ಲಿ ಕಾಂಗ್ರೆಸ್ಸಿನ ಮುಂದಾಳುತನದ ಸರಕಾರ. ಹದಿನೇಳು ವರುಷಗಳು ಕಳೆದುವು. 2025ರ ಮುಂಗಾರು ಬೇಗನೆ ಬಂತು. ಮೇ 24ಕ್ಕೇ ಕೇರಳವನ್ನು ಮುಟ್ಟಿತು. ಬಿತ್ತಿಗೆ ಬೇಗ ನಡೆಯಿತು, ಗೋವಿನಜೋಳದ ಕ್ಷೇತ್ರವು ಹೆಚ್ಚಿತು, ಅದರೊಡನೆ ಯೂರಿಯಾದ ಬೇಡಿಕೆಯೂ ಹೆಚ್ಚಿತು. ಚೀನವು ಪುನಃ ರಫ್ತನ್ನು ಬಿಗಿಹಿಡಿದಿತ್ತು. ಆಗಸ್ಟ್ 1ರಂದು ದೇಶದಲ್ಲಿದ್ದ ಯೂರಿಯಾದ ಸಂಗ್ರಹವು ಸುಮಾರು 37 ಲಕ್ಷ ಟನ್ನು. ಹಿಂದಿನ ವರುಷ ಅದೇ ದಿನ ಅದು 86 ಲಕ್ಷ ಟನ್ನು ಇದ್ದಿತು. ಜುಲೈ ತಿಂಗಳಲ್ಲಿಯೇ ಮುಖ್ಯಮಂತ್ರಿ ಶ್ರೀ ಸಿದ್ಧರಾಮಯ್ಯನವರು ಕೇಂದ್ರದ ಗೊಬ್ಬರ ಖಾತೆಯ ಸಚಿವ ಶ್ರೀ ನಡ್ಡಾರವರಿಗೆ ಪತ್ರ ಬರೆದು, ಎಪ್ರಿಲದಿಂದ ಜುಲೈವರೆಗೆ 6.8 ಲಕ್ಷ ಟನ್ನು ಬೇಕಾದಲ್ಲಿ ಐದು ಲಕ್ಷ ಚಿಲ್ಲರೆ ಟನ್ನು ಮಾತ್ರ ಬಂದಿದೆಯೆಂದು ದೂರಿದರು. ಸಾಕಷ್ಟು ಕಳಿಸಿದ್ದೇವೆಂದು ಅತ್ತಣಿಂದ ಉತ್ತರ ಬಂತು. ಈ ಸಲ ಬೆಂಗಳೂರಿನಲ್ಲಿ ಕಾಂಗ್ರೆಸ್ಸು, ದಿಲ್ಲಿಯಲ್ಲಿ ಭಾರತೀಯ ಜನತಾ ಪಕ್ಷ. ಪಾತ್ರಧಾರಿಗಳು ವೇಷವನ್ನು ಅದಲುಬದಲು ಮಾಡಿಕೊಂಡರು. ಮಾತುಗಳು ಮಾತ್ರ ಅವೇ. ಕೊಪ್ಪಳದಲ್ಲಿ ಒಬ್ಬ ರೈತನು ಗೊಬ್ಬರ ಸಿಕ್ಕದ ಸಂಕಟದಿಂದ ಮಣ್ಣನ್ನು ಮುಕ್ಕಿದ ಚಿತ್ರವನ್ನು ನಾಡೆಲ್ಲ ನೋಡಿತು. ಅವನ ಎದುರಿನಲ್ಲಿ ನಿಂತು, ಕೊರತೆಯಿಲ್ಲ, ನಿನ್ನದು ಗಾಬರಿ ಎಂದು ಹೇಳುವ ಧೈರ್ಯವು ಯಾವ ಪಕ್ಷದವರಿಗೆ ಇದ್ದೀತು?

ತುಟ್ಟಿಯ ಮಾತನ್ನೂ ಇಲ್ಲಿ ಬಿಡಿಸಿ ಹೇಳಬೇಕು. ಏಕೆಂದರೆ ಗೊಬ್ಬರದ ತುಟ್ಟಿಯು ಚೀಲದ ಮೇಲೆ ಅಚ್ಚಾಗುವದಿಲ್ಲ. 2025ರಲ್ಲಿಯೂ 45 ಕಿಲೋ ಯೂರಿಯಾ ಚೀಲದ ಮೇಲೆ 266 ರೂಪಾಯಿ 50 ಪೈಸೆ ಎಂದೇ ಇದ್ದಿತು. ಆದರೆ ಒಕ್ಕಲಿಗನು ತೆತ್ತದ್ದು ಅಷ್ಟೇಯೋ? ಎರಡು ದಿನ ಸಾಲಿನಲ್ಲಿ ನಿಂತದ್ದಕ್ಕೆ ಎರಡು ದಿನದ ಕೂಲಿ ಹೋಯಿತು; ಹಳ್ಳಿಯಿಂದ ಬಂದುಹೋಗುವ ಬಾಡಿಗೆ ಬೇರೆ. ಇಷ್ಟರ ಮೇಲೆ 'ಲಿಂಕ್' ಎಂಬ ಒಂದು ಹೊಸ ಪದ್ಧತಿಯು ಹುಟ್ಟಿಕೊಂಡಿದೆ. ಯೂರಿಯಾ ಬೇಕಾದರೆ ಅದರ ಸಂಗಡ ಈ ಬಾಟಲಿಯನ್ನೂ ಈ ಪುಡಿಯ ಪಾಕೀಟನ್ನೂ ಕೊಳ್ಳಬೇಕು, ಇಲ್ಲವಾದರೆ ಮಾಲಿಲ್ಲ. ಬೇಡದ ವಸ್ತುವಿಗೆ ಕೊಟ್ಟ ದುಡ್ಡೆಲ್ಲ ಬೇಕಾದ ವಸ್ತುವಿನ ಬೆಲೆಯೇ ಸರಿ. ಈ ವಿಷಯದಲ್ಲಿ ಊರ ಸಣ್ಣ ಅಂಗಡಿಕಾರನೊಬ್ಬನನ್ನೇ ಗಲ್ಲಿಗೇರಿಸುವದು ಅನ್ಯಾಯವಾದೀತು. ತನಗೆ ಮೇಲಿನ ಸಗಟು ವ್ಯಾಪಾರಿಯೇ ಹಾಗೆ ಕಟ್ಟಿ ಕಳಿಸುವನೆಂದು ಅವನು ಹೇಳುವದರಲ್ಲಿ ಬಹಳ ಮಟ್ಟಿಗೆ ತಥ್ಯವಿದೆ. ಗೊಬ್ಬರ ನಿಯಂತ್ರಣದ ಆಜ್ಞೆಯು 1985ರಿಂದ ಜಾರಿಯಲ್ಲಿದೆ. ಅಗತ್ಯ ವಸ್ತುಗಳ ಕಾಯದೆಯು 1955ರದು. ಇನಸ್ಪೆಕ್ಟರರು ಆ ಕಾಯದೆಗಳನ್ನು ಕೈಯಲ್ಲಿ ಹಿಡಿದುಕೊಂಡು ಸಾಲಿನ ತಲೆಯಲ್ಲಿ ನಿಲ್ಲುವ ಬದಲು ಸಗಟು ಗೋದಾಮಿನ ಬಾಗಿಲಿನಲ್ಲಿ ನಿಂತರೆ ಹೆಚ್ಚು ಪ್ರಯೋಜನವಾದೀತು.

ಕೊರತೆಯ ಅಂಕಿಗಿಂತ ಕೊರತೆಯ ಅಂಜಿಕೆಯು ಎಷ್ಟು ಕ್ರೂರವಾಗಬಲ್ಲದೆಂಬದಕ್ಕೆ ನಮ್ಮ ದೇಶದ ಇತಿಹಾಸದಲ್ಲಿಯೇ ಘೋರವಾದ ನಿದರ್ಶನವಿದೆ. 1943ರ ಬಂಗಾಲದ ಕ್ಷಾಮದಲ್ಲಿ, ಆ ವರುಷದ ಧಾನ್ಯವು ಹಿಂದಿನ ಐದು ವರುಷಗಳ ಸರಾಸರಿಗಿಂತ ನೂರಕ್ಕೆ ಸುಮಾರು ಐದರಷ್ಟು ಮಾತ್ರ ಕಡಿಮೆಯಿದ್ದು, ಕ್ಷಾಮವಿಲ್ಲದ 1941ಕ್ಕಿಂತ ಹೆಚ್ಚೇ ಇದ್ದಿತೆಂದು ಅಮರ್ತ್ಯ ಸೇನರು 1981ರ ತಮ್ಮ ಗ್ರಂಥದಲ್ಲಿ ಲೆಕ್ಕಹಾಕಿ ತೋರಿಸಿದರು. ಬ್ರಹ್ಮದೇಶವು ಶತ್ರುವಶವಾಗಿ ಅಲ್ಲಿಯ ಅಕ್ಕಿ ನಿಂತಿತು, ಸೈನ್ಯಕ್ಕಾಗಿ ಸರಕಾರವು ಕೊಂಡಿತು, ವ್ಯಾಪಾರಿಯು ಬೆಲೆ ಏರುವದೆಂದು ಬಚ್ಚಿಟ್ಟನು, ಉಳ್ಳವನು ಅಂಜಿ ಕೂಡಿಹಾಕಿದನು. ಕೊಳ್ಳುವ ಶಕ್ತಿಯಿಲ್ಲದ ಲಕ್ಷೋಪಲಕ್ಷ ಬಡವರು ಸತ್ತರು. ಅದೇ 1943ರ ಎಪ್ರಿಲ್ 1ರಂದು, ಗುತ್ತಲದ ನೆರೆಯ ಹೊಸರಿತ್ತಿಯಲ್ಲಿ, ಪರಕೀಯ ಸರಕಾರವು ವಸೂಲುಮಾಡಿ ಕೂಡಿಸಿದ್ದ ಕಂದಾಯದ ಮೇಲೆ ನುಗ್ಗಿದ ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಈ ಮೂವರು ವೀರರು ಪೋಲೀಸರ ಗುಂಡಿಗೆ ಬಲಿಯಾದರು. ದಾಂಡಿಯ ಉಪ್ಪಿನ ಯಾತ್ರೆಯಲ್ಲಿ ಗಾಂಧೀಜಿಯವರ ಸಂಗಡ ನಡೆದ ಕನ್ನಡಿಗ ಆ ಮಹಾದೇವ. ಪರರಾಜ್ಯದಲ್ಲಿ ಹಾರಿದ ಗುಂಡಿಗೆ ನಾವು ಸ್ವರಾಜ್ಯವೆಂಬ ಪರಿಹಾರವನ್ನು ಹೇಳಿಕೊಂಡೆವು. ಅದೇ ಸೀಮೆಯಲ್ಲಿ 2008ರಲ್ಲಿ ಹಾರಿದ ಗುಂಡಿಗೆ ಏನನ್ನು ಹೇಳಿಕೊಳ್ಳೋಣ?

ಒಕ್ಕಲಿಗರಿಗೂ ಎರಡು ಮಾತು ಹೇಳದಿದ್ದರೆ ನಾವು ಪಕ್ಷಪಾತಿಗಳಾದೇವು. 2012ರ ಸುಮಾರಿಗೆ ಇದೇ ಜಿಲ್ಲೆಯಲ್ಲಿ 'ಕನಕ' ಎಂಬ ಒಂದೇ ಹೆಸರಿನ ಹತ್ತಿಬೀಜಕ್ಕಾಗಿ ಎಂಥ ಹೋರಾಟ ನಡೆಯಿತೆಂಬದು ಎಲ್ಲರಿಗೂ ಗೊತ್ತಿದೆ. ಬೇರೆ ಬೀಜಗಳು ಅಂಗಡಿಯಲ್ಲಿ ಬಿದ್ದಿದ್ದರೂ ಅದೊಂದೇ ಬೇಕೆಂದು ಹಟಹಿಡಿದು ಎಷ್ಟೋ ಜನರು ಹೆಚ್ಚಿನ ಬೆಲೆ ತೆತ್ತರು. ಮುಂದೆ ಆ ಬೀಜದ ಪೀಕು ಕೈಕೊಟ್ಟಿತೆಂಬ ಕೂಗು ಎದ್ದು, 2014ರಲ್ಲಿ ಅದನ್ನು ಮಾರುವ ಕಂಪನಿಯ ಮೇಲೆಯೇ ರಾಜ್ಯ ಸರಕಾರವು ನಿರ್ಬಂಧ ಹಾಕಬೇಕಾಯಿತು. ನೆರೆಯವನು ಕೊಂಡನೆಂದು ತಾನೂ ಕೊಳ್ಳುವ ಚಾಳಿಯು ಬೀಜದಲ್ಲಿದ್ದಂತೆ ಗೊಬ್ಬರದಲ್ಲಿಯೂ ಉಂಟು. ಡಿ.ಎ.ಪಿ. ಇಲ್ಲವಾದರೆ ರಂಜಕವನ್ನು ಕೊಡುವ ಬೇರೆ ಮಿಶ್ರ ಗೊಬ್ಬರಗಳಿವೆಯೆಂಬದನ್ನೂ, ಅಗ್ಗವೆಂದು ಯೂರಿಯಾವನ್ನು ಮಿತಿಮೀರಿ ಸುರಿದರೆ ಪೀಕು ಸೊಕ್ಕಿ ನೆಲಕ್ಕೆ ಬಿದ್ದು ಹುಳಕ್ಕೆ ಆಹಾರವಾಗುವದೆಂಬದನ್ನೂ ನಮ್ಮ ಹಿರಿಯ ಒಕ್ಕಲಿಗರು ಬಲ್ಲರು. ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆಯುವ ಕೆಲಸವು ಎತ್ತುಗಳು ಮನೆಯಿಂದ ಹೋದಂದೇ ಹಿಂದೆಬಿತ್ತು. ರಾಸಾಯನಿಕ ಗೊಬ್ಬರಕ್ಕೆ ನಮ್ಮ ಹಳ್ಳಿಗಳಲ್ಲಿ 'ಸರಕಾರಿ ಗೊಬ್ಬರ'ವೆಂದೇ ಹೆಸರು. ಆ ಹೆಸರಿನಲ್ಲಿಯೇ ಒಂದು ಅವಲಂಬನವು ಅಡಗಿದೆ. ಪೊಟ್ಯಾಶು ಪೂರ್ತಿಯಾಗಿ ಹೊರದೇಶದ್ದು, ಡಿ.ಎ.ಪಿ.ಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೊರಗಿನದು. ಯೂರಿಯಾವನ್ನು ದೇಶದಲ್ಲಿಯೇ ವರುಷಕ್ಕೆ 300 ಲಕ್ಷ ಟನ್ನುಗಳಷ್ಟು ತಯಾರಿಸುತ್ತೇವಾದರೂ 2024–25ರಲ್ಲಿ ಹೊಲಕ್ಕೆ ಸುರಿದದ್ದು 380 ಲಕ್ಷ ಟನ್ನಿಗೂ ಮಿಕ್ಕಿ. ನಮ್ಮ ರಾಜ್ಯದಲ್ಲಿ ಯೂರಿಯಾ ತಯಾರಿಸುವ ಕಾರಖಾನೆ ಮಂಗಳೂರಿನ ಪಣಂಬೂರಿನದೊಂದೇ. ಅದು 1976ರಿಂದ ನಡೆದಿದೆ. ಸ್ವದೇಶಿಯ ಮಾತನ್ನು ಸಭೆಗಳಲ್ಲಿ ಆಡುವವರು ಈ ಅಂಕಿಗಳನ್ನು ಒಮ್ಮೆ ಕಣ್ಣೆದುರಿಗಿಟ್ಟುಕೊಳ್ಳಬೇಕು.

ನಮ್ಮ ವೃತ್ತಿಯವರ ತಪ್ಪನ್ನೂ ನಾವು ಒಪ್ಪಿಕೊಳ್ಳುತ್ತೇವೆ. ಒಂದು ಊರಿನಲ್ಲಿ ಒಂದು ದಿನ ಮಾಲು ತಡವಾದದ್ದನ್ನು ಜಿಲ್ಲೆಗೆಲ್ಲ ಗೊಬ್ಬರವಿಲ್ಲವೆಂಬ ದಪ್ಪಕ್ಷರದ ತಲೆಬರಹದಲ್ಲಿ ಅಚ್ಚುಮಾಡುವದು ವರ್ತಮಾನಪತ್ರಗಳಿಗೆ ಸುಲಭ. ಮರುದಿನದ ಸಾಲು ಇಮ್ಮಡಿಯಾದದ್ದಕ್ಕೆ ಜವಾಬುದಾರರಾಗುವದು ಕಠಿಣ. ಆದರೆ ಸುದ್ದಿಯನ್ನು ಅದುಮಿಡುವದು ಇದಕ್ಕೆ ಮದ್ದಲ್ಲ. ಅಧಿಕಾರಿಗಳು ಅಂಕಿಗಳನ್ನು ತೆರೆದು ಕೊಟ್ಟಲ್ಲಿ ಗಾಳಿಮಾತಿಗೆ ಎಡೆಯೆಲ್ಲಿ? 2018ರ ಹೊತ್ತಿಗೆ ದೇಶದಾದ್ಯಂತ ಗೊಬ್ಬರದ ಅಂಗಡಿಗಳಿಗೆ ಯಂತ್ರಗಳು ಬಂದುವು. ಒಕ್ಕಲಿಗನು ಹೆಬ್ಬೆರಳನ್ನು ಒತ್ತದೆ ಒಂದು ಚೀಲವೂ ಮಾರಾಟವಾಗುವಂತಿಲ್ಲ. ಯಾವ ಅಂಗಡಿಯಲ್ಲಿ ಎಷ್ಟು ಚೀಲಗಳಿವೆಯೆಂಬದು ದಿಲ್ಲಿಯಲ್ಲಿ ಕುಳಿತ ಕಾರಕೂನನಿಗೆ ಗೊತ್ತು. ಅಂಗಡಿಯ ಎದುರಿಗೆ ಬಿಸಿಲಿನಲ್ಲಿ ನಿಂತವನಿಗೆ ಮಾತ್ರ ಗೊತ್ತಿಲ್ಲ! ಹೆಬ್ಬೆರಳನ್ನು ಕೊಟ್ಟವನಿಗೆ ಅಂಕಿಯನ್ನು ಕೊಡದಿರುವ ಈ ವ್ಯವಸ್ಥೆಯೇ ಗಾಬರಿಯ ತಾಯಿಬೇರೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ.

ಜಿಲ್ಲೆಯ ಅಧಿಕಾರಿಗಳಲ್ಲಿ ನಮ್ಮ ಬೇಡಿಕೆಯು ಬಹು ಸಣ್ಣದು. ಅದಕ್ಕೆ ಹೊಸ ಕಾಯದೆಯೂ ಬೇಡ, ಹೊಸ ಖಜಾನೆಯೂ ಬೇಡ. ಪ್ರತಿಯೊಂದು ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ, ಸೊಸೈಟಿಯ ಬಾಗಿಲಿನ ಮೇಲೆ, ಈ ದಿನ ಇಷ್ಟು ಚೀಲ ಇದೆ, ಮುಂದಿನ ಲಾರಿ ಇಂಥ ದಿನ ಬರುವದು, ಅದರಲ್ಲಿ ಇಷ್ಟು ಚೀಲ ಇರುವದು ಎಂದು ಸುಣ್ಣದ ಅಕ್ಷರಗಳಲ್ಲಿ ಬರೆಯಿಸಿರಿ. ಬರೆದದ್ದು ತಪ್ಪಿದರೆ ಏಕೆ ತಪ್ಪಿತೆಂಬದನ್ನೂ ಅಲ್ಲಿಯೇ ಬರೆಯಿಸಿರಿ. ಒಮ್ಮೆ ನಿಜ ಹೇಳಿ ತಪ್ಪೊಪ್ಪಿಕೊಂಡ ಫಲಕವನ್ನು ಜನರು ಮರುದಿನವೂ ಓದುವರು, ಎಂದೂ ಕೊರತೆಯಿಲ್ಲವೆನ್ನುವ ಫಲಕದ ಕಡೆಗೆ ಕಣ್ಣೆತ್ತಿಯೂ ನೋಡಲಾರರು. ಸಾಲಿನ ಬದಲು ಊರವಾರು ದಿನಗಳನ್ನು ಗೊತ್ತುಮಾಡಿ, ಚೀಟಿ ಕೊಟ್ಟು ಕಳಿಸಿರಿ. ಚೀಟಿ ಹಿಡಿದವನಿಗೆ ತನ್ನ ಎರಡು ಚೀಲ ಎಲ್ಲಿಗೂ ಹೋಗುವದಿಲ್ಲವೆಂಬ ಭರವಸೆ ಬಂದರೆ ಅವನು ಆರು ಚೀಲ ಕೇಳಲಾರನು. ಮೊದಲನೆಯ ಕಂತಿನ ಮಾಲನ್ನು ಮಳೆಗೆ ಮುಂಚೆ ಸೊಸೈಟಿಗಳ ಗೋದಾಮುಗಳಲ್ಲಿ ಇಳಿಸಿರಿ.

ಗುತ್ತವೊಳಲೆಂದು ಶಾಸನಗಳಲ್ಲಿ ಹೆಸರುಗೊಂಡು, ಚಂದ್ರಗುಪ್ತನ ವಂಶದವರೆಂದು ಹೇಳಿಕೊಂಡ ಗುತ್ತ ಅರಸರು ಆಳಿದ ಊರು ಇದು. ಇಲ್ಲಿಯ ಜನರಿಗೆ ಕಲ್ಲಿನಲ್ಲಿ ಕೊರೆದು ಎಲ್ಲರೂ ಓದುವಂತೆ ನಿಲ್ಲಿಸುವ ರಾಜಶಾಸನವು ಅಪರಿಚಿತವಲ್ಲ. ನಾವು ಕೇಳುವದು ಕಲ್ಲನ್ನಲ್ಲ, ಒಂದು ಕರಿಯ ಹಲಗೆಯನ್ನು. ರೋಹಿಣಿಯು ಹೂಡುವದು ಮೇ 25ರ ಸುಮಾರಿಗೆ. ಅದಕ್ಕೆ ಎಂಟು ದಿನ ಮುಂಚೆ ಗುತ್ತಲ ಹೋಬಳಿಯ ಅಂಕಿಗಳನ್ನು ಯಾವ ಅಧಿಕಾರಿಯು ಸಹಿಮಾಡಿ ಕಳಿಸಿಕೊಟ್ಟರೂ, ಜಾಹೀರಾತಿನ ಹಣವನ್ನು ಕೇಳದೆ ದಿನಾಲು ಇದೇ ಪುಟದಲ್ಲಿ ಅವನ್ನು ಅಚ್ಚುಮಾಡಲು ನಾವು ಸಿದ್ಧರಿದ್ದೇವೆ.